ಕಷ್ಟಸಹಿಷ್ಣುತೆಯೂ ಆಪದ್ಧರ್ಮವೂ

ಕಷ್ಟವು ಮನುಷ್ಯನನ್ನು ಸದ್ಗುಣಿಯನ್ನಾಗಿ ಮಾಡುವುದೆಂಬ ಮಾತು ಎಲ್ಲ ದೇಶಗಳಲ್ಲಿಯೂ ಉಂಟು. ಅದು ಸುಖದಲ್ಲಿರುವವರ ಬಾಯಲ್ಲಿಯೇ ಹೆಚ್ಚಾಗಿ ಕೇಳಿಬರುವುದೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಈ ಮಾತು ಎಷ್ಟರ ಮಟ್ಟಿಗೆ ನಿಜ, ಎಲ್ಲಿಂದ ಮುಂದೆ ಅದು ಅನ್ಯಾಯಕ್ಕೆ ಹೊದಿಕೆಯಾಗುವುದು ಎಂಬ ವಿಚಾರಕ್ಕೆ ಭರತಖಂಡದ ಉತ್ತರದ ಅಂಚಿನ ಲಡಾಖ ಸೀಮೆಯ ಹಿಂದಿನ ಜೀವನವು ತಕ್ಕ ನಿದರ್ಶನವಾಗಿದೆ.

ಲೇಹ ಪಟ್ಟಣವು ಸಮುದ್ರಮಟ್ಟಕ್ಕಿಂತ ಸುಮಾರು 11,500 ಅಡಿ ಎತ್ತರದಲ್ಲಿದೆ. ವರ್ಷವೆಲ್ಲ ಸೇರಿ ಅಲ್ಲಿ ಬೀಳುವ ಮಳೆಹಿಮಗಳು ಸುಮಾರು 4 ಅಂಗುಲ. ಮಲೆನಾಡಿನಲ್ಲಿ ಆಷಾಢದ ಒಂದೇ ದಿನ ಅದಕ್ಕೂ ಹೆಚ್ಚು ಸುರಿಯುವುದುಂಟು. ಬೆಟ್ಟದ ಹಿಮವು ಕರಗಿ ಇಳಿದ ನೀರೇ ಪೈರಿಗೆ ಆಧಾರ. ಬಹುಪಾಲು ಗ್ರಾಮಗಳಲ್ಲಿ ಬೆಳೆ ಒಂದೇ, ಅದೂ ಜವೆಗೋಧಿ. ಅದನ್ನು ಹುರಿದು, ಹೊಳೆಯ ನೀರಿನಿಂದ ತಿರುಗುವ ಬೀಸುಗಲ್ಲಿನಲ್ಲಿ ಹಿಟ್ಟು ಮಾಡಿ, ಬೆಣ್ಣೆ ಉಪ್ಪುಗಳನ್ನು ಹಾಕಿ ಕಡೆದ ಚಹದಲ್ಲಿ ಕಲಸಿ ತಿನ್ನುವುದೇ ನಿತ್ಯದ ಊಟವಾಗಿತ್ತು. ಮರವು ಅಪರೂಪವಾದುದರಿಂದ ಒಲೆಗೆ ಬೆರಣಿಯೇ ಗತಿ. ಮನೆಯ ಮಾಳಿಗೆಯ ಮೇಲೆ ಬೆರಣಿ, ಮುಳ್ಳುಕಡ್ಡಿ, ಒಣಹುಲ್ಲುಗಳನ್ನು ಒಟ್ಟಿಕೊಂಡು ದೀರ್ಘವಾದ ಚಳಿಗಾಲವನ್ನು ಎದುರುನೋಡುತ್ತಿದ್ದರು. ಜೋಜಿ ಕಣಿವೆಯು ಹಿಮದಿಂದ ಮುಚ್ಚಿತೆಂದರೆ ಕಾಶ್ಮೀರದ ದಾರಿಯು ತಿಂಗಳುಗಟ್ಟಲೆ ಇಲ್ಲದಂತೆಯೇ.

ಇಂಥ ನೆಲದಲ್ಲಿ ಒಬ್ಬೊಬ್ಬನೇ ಬದುಕುವುದು ಸಾಧ್ಯವಿಲ್ಲ. ಆದುದರಿಂದ ಕಷ್ಟವೇ ಅಲ್ಲಿ ಕೆಲವು ಕಟ್ಟಳೆಗಳನ್ನು ಹುಟ್ಟಿಸಿತು. ಕಾಲುವೆಯ ನೀರನ್ನು ಸರದಿಯಂತೆ ಹೊಲಗಳಿಗೆ ಬಿಡುವುದಕ್ಕೆ ಗ್ರಾಮದವರು ಚುರ್ಪೊನ್ ಎಂಬವನನ್ನು ನೇಮಿಸುತ್ತಿದ್ದರು. ಕನ್ನಡನಾಡಿನ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಅವನ ಪರಿಚಯವನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ಒಂದೇ ದೇವತೆಯನ್ನು ಪೂಜಿಸುವ ಕೆಲವು ಮನೆಗಳು ಸೇರಿ ಫಾಸ್ಪುನ್ ಎಂಬ ಕೂಟವಾಗುತ್ತಿದ್ದುವು. ಒಂದು ಮನೆಯಲ್ಲಿ ಸಾವಾದರೆ ಶವಸಂಸ್ಕಾರದ ಭಾರವೆಲ್ಲವನ್ನೂ ಕೂಟದ ಇತರರು ಹೊರುವರು. ದುಃಖದಲ್ಲಿರುವವನ ಕೈಯಿಂದ ಕೆಲಸ ಮಾಡಿಸಬಾರದೆಂಬ ಸೂಕ್ಷ್ಮವನ್ನು ಶ್ರೀಮಂತ ನಾಡುಗಳೂ ಅವರಿಂದ ಕಲಿಯಬಹುದು. ಇಷ್ಟರ ಮಟ್ಟಿಗೆ ಮೇಲಿನ ಮಾತು ನಿಜ.

ಎರಡನೆಯದೊಂದು ಕಟ್ಟಳೆಯನ್ನು ಇಷ್ಟು ಸುಲಭವಾಗಿ ಹೊಗಳಲಾಗದು. ತುಂಡು ಹೊಲವು ಒಡೆದು ಹೋಗದಿರಲೆಂದು ಹಿರಿಯ ಮಗನು ಮನೆಗೆ ಒಡೆಯನಾಗಿ, ತಮ್ಮಂದಿರು ಅವನೊಡನೆ ಒಬ್ಬಳನ್ನೇ ಪತ್ನಿಯನ್ನಾಗಿ ಹೊಂದುವುದು ಅಲ್ಲಿನ ರೂಢಿಯಾಗಿತ್ತು. ಇಲ್ಲವಾದರೆ ಒಬ್ಬಿಬ್ಬರು ಮಠವನ್ನು ಸೇರುವರು. ಮುಪ್ಪಾದ ತಂದೆತಾಯಿಗಳು ದೊಡ್ಡ ಮನೆಯನ್ನು ಮಗನಿಗೆ ಬಿಟ್ಟುಕೊಟ್ಟು ಪಕ್ಕದ ಚಿಕ್ಕ ಮನೆಗೆ ಹೋಗುವರು. ದ್ರೌಪದಿಯ ಕಥೆಯನ್ನು ಓದುತ್ತ ಬಂದವರು ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಡುವುದು ವಿಚಿತ್ರವೇ ಸರಿ. ಆದರೂ ಹಲವರು ಸಹೋದರರಿಗೆ ಒಬ್ಬಳೇ ಪತ್ನಿಯಾದಾಗ ಉಳಿದ ಹೆಣ್ಣುಮಕ್ಕಳಲ್ಲಿ ಅನೇಕರು ಸ್ವಂತ ಮನೆಯೆಂಬುದಿಲ್ಲದೆ ದುಡಿದು ಸವೆಯಬೇಕಾಗುತ್ತಿತ್ತು. ಹೊಲವು ಉಳಿಯಿತು, ಉಳಿಸಿದ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. 1941ರಲ್ಲಿ ಕಾನೂನು ಈ ವಿವಾಹವನ್ನು ನಿಷೇಧಿಸಿತು.

ಮೂರನೆಯದು ಬಿಟ್ಟಿ. ಸಂಸ್ಕೃತದ ವಿಷ್ಟಿಯೇ ಈ ಮಾತಿನ ಮೂಲ. ಕನ್ನಡದ ಹಳೆಯ ಶಾಸನಗಳಲ್ಲಿಯೂ ಅದು ಕಾಣುವುದು. ಲೇಹವು ಕಾಶ್ಮೀರ, ಯಾರ್ಕಂದ, ತಿಬ್ಬತಗಳ ವ್ಯಾಪಾರಮಾರ್ಗಗಳು ಕೂಡುತ್ತಿದ್ದ ಊರು. 1684ರ ಒಪ್ಪಂದದಂತೆ ಮೂರು ವರ್ಷಗಳಿಗೊಮ್ಮೆ ಲಾಸಾ ನಗರಕ್ಕೆ ಹೋಗುತ್ತಿದ್ದ ರಾಜಕಾಣಿಕೆಯ ಸಾಮಾನನ್ನು ದಾರಿಯ ಗ್ರಾಮದವರು ಸಾಗಿಸಬೇಕಾಗಿತ್ತು. 1834ರಲ್ಲಿ ಜೋರಾವರ ಸಿಂಹನ ಡೋಗ್ರಾ ಸೈನ್ಯವು ನಾಡನ್ನು ಹೊಕ್ಕು ಒಡೆತನವು ಬದಲಾಯಿತಾದರೂ ಹೊರೆಯು ಇಳಿಯಲಿಲ್ಲ. ಅಧಿಕಾರಿಗಳು, ಬೇಟೆಗಾರರು, ಪ್ರವಾಸಿಗಳು ಬಂದಾಗಲೆಲ್ಲ ಗ್ರಾಮದವರು ಸರದಿಯ ಮೇಲೆ ಆಳುಗಳನ್ನೂ ತಟ್ಟುಗಳನ್ನೂ ಒದಗಿಸಬೇಕು. ಈ ಸರದಿಗೆ ಅಲ್ಲಿ ರೆಸ್ ಎಂದು ಹೆಸರು. ಕೂಲಿಯ ದರಗಳು ಗೊತ್ತಾದ ಮೇಲೂ ಒಲ್ಲೆನೆನ್ನುವ ಸ್ವಾತಂತ್ರ್ಯವು ಅವರಿಗೆ ಬರಲಿಲ್ಲ. ಇದರಲ್ಲಿ ಕ್ರೂರವಾದ ಅಂಶವೊಂದಿದೆ. ಕಣಿವೆಗಳು ತೆರೆಯುವುದು ಬೇಸಗೆಯ ಕೆಲವೇ ತಿಂಗಳು. ಹೊಲದಲ್ಲಿ ಕೈಗಳು ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಪರರ ಪೆಟ್ಟಿಗೆಯನ್ನು ಹೊತ್ತು ಹೊರಟವನ ಪೈರಿಗೆ ಆ ದಿನದ ನೀರಿನ ಸರದಿ ತಪ್ಪಬಹುದು. ಅದು ತಪ್ಪಿದರೆ ಚಳಿಗಾಲದ ಹಿಟ್ಟಿಗೇ ಕೊರತೆ. ಇಷ್ಟಾಗಿಯೂ ದೊರೆಗಳು, ಈ ಜನರು ಹೊರೆಗೆ ಒಗ್ಗಿದವರು, ನಗುನಗುತ್ತ ನಡೆಯುವರು ಎಂದು ಹೊಗಳುತ್ತಿದ್ದರು. ಹೊರುವವನ ನಗೆಯಿಂದ ಹೊರಿಸುವವನ ಮನಸ್ಸಿಗೆ ಸಮಾಧಾನವಾಗುವುದು ಹೊಸದೇನಲ್ಲ.

ಆಪತ್ಕಾಲದ ಧರ್ಮವನ್ನು ಹಿಂದಿನವರು ಅಳೆದು ತೂಗಿ ಹೇಳಿದ್ದಾರೆ. ಛಾಂದೋಗ್ಯದ ಉಷಸ್ತಿ ಚಾಕ್ರಾಯಣನು ಕುರುದೇಶದಲ್ಲಿ ಬೆಳೆ ಹಾಳಾದಾಗ ಮಾವುತನೊಬ್ಬನು ತಿನ್ನುತ್ತಿದ್ದ ಎಂಜಲು ಕಾಳನ್ನು ಬೇಡಿ ತಿಂದನು. ಆದರೆ ಅವನು ಕೊಟ್ಟ ಎಂಜಲು ನೀರನ್ನು ಮುಟ್ಟಲಿಲ್ಲ. ಕಾಳಿಲ್ಲದಿದ್ದರೆ ಜೀವ ಉಳಿಯದು, ನೀರಾದರೋ ಬೇಕೆಂದಲ್ಲಿ ಸಿಕ್ಕುವುದೆಂಬುದು ಅವನ ಸಮಾಧಾನ. ಈ ಕಥೆಯಲ್ಲಿ ಎರಡು ಸಂಗತಿಗಳನ್ನು ವಾಚಕರು ನೋಡಬೇಕು. ಆಪತ್ತು ಎಷ್ಟೋ ಸಡಿಲಿಕೆಯೂ ಅಷ್ಟೇ. ಅದಕ್ಕಿಂತ ಮುಖ್ಯವಾಗಿ, ಎಲ್ಲಿಯವರೆಗೆ ಬಾಗಬೇಕೆಂಬುದನ್ನು ಹಸಿದವನೇ ನಿರ್ಣಯಿಸಿದನು. ಬೇರೊಬ್ಬನು ಅವನನ್ನು ಬಾಗಿಸಲಿಲ್ಲ. ಆಪದ್ಧರ್ಮವೆಂಬುದು ಸಂಕಟಪಡುವವನಿಗೆ ಕೊಟ್ಟ ಅನುಮತಿಯೇ ಹೊರತು ಸಂಕಟಕೊಡುವವನಿಗೆ ಕೊಟ್ಟ ಸನದಲ್ಲ.

ಈ ಒರೆಗೆ ಹಚ್ಚಿದರೆ ಆ ನಾಡಿನ ಮೂರು ಕಟ್ಟಳೆಗಳೂ ಬೇರೆಬೇರೆಯಾಗಿ ಕಾಣುವುವು. ನೀರಿನ ಸರದಿಯು ಹಿಮಕ್ಕೂ ಬಂಡೆಗೂ ಜನರು ಕೂಡಿ ಕೊಟ್ಟ ಉತ್ತರ. ವಿವಾಹದ ರೂಢಿಯೂ ಅಂಥ ಉತ್ತರವೇ. ಆದರೆ ಕೆಲವರನ್ನು ಕೇಳದೆ ಕೊಟ್ಟದ್ದು. ಬಿಟ್ಟಿಯಾದರೋ ಹಿಮದಿಂದ ಬಂದುದಲ್ಲ. ಬೆಟ್ಟವು ಯಾರ ಪೆಟ್ಟಿಗೆಯನ್ನೂ ಯಾರ ಬೆನ್ನಿಗೂ ಕಟ್ಟಲಿಲ್ಲ. ಬಿಟ್ಟಿ ಹೋದರೆ ಆ ಜನರ ಗಟ್ಟಿತನವೂ ಹೋದೀತೆಂದು ವಾದಿಸುವವರಿಗೆ ಮುಂದಿನ ಚರಿತ್ರೆಯೇ ಉತ್ತರ ಹೇಳಿತು. 1962ರ ಸುಮಾರಿಗೆ ಶ್ರೀನಗರದಿಂದ ಲೇಹಕ್ಕೆ ಮೋಟಾರು ರಸ್ತೆಯಾಯಿತು. ಹೊರೆಯು ಆಳಿನ ಬೆನ್ನನ್ನು ಬಿಟ್ಟು ಲಾರಿಯನ್ನು ಏರಿತು. ಚಳಿಯು ಇಂದಿಗೂ ಹಾಗೆಯೇ ಇದೆ. ಅನೇಕ ಗ್ರಾಮಗಳಲ್ಲಿ ಚುರ್ಪೊನನು ಬೇಸಗೆಯಲ್ಲಿ ಮಡೆಯನ್ನು ಕಟ್ಟುತ್ತಲೂ ಬಿಡುತ್ತಲೂ ಇದ್ದಾನೆ.