ಶಾಸನ ಬೇಡಿದ ವೇಷ

ವರ್ತಕನೊಬ್ಬನು ತೆರಿಗೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಸುಳ್ಳು ಲೆಕ್ಕ ಬರೆದರೆ ಅದನ್ನು ಕಳ್ಳತನವೆನ್ನಲು ಯಾರೂ ಹಿಂಜರಿಯರು. ಆದರೆ ಸರಕಾರವೇ ಆತನನ್ನು ಕರೆದು, “ಇಂಥ ವೇಷವನ್ನು ಧರಿಸಿ ಬಾ, ನಿನಗೆ ತೆರಿಗೆಯಲ್ಲಿ ಇಷ್ಟನ್ನು ಬಿಟ್ಟುಕೊಡುತ್ತೇವೆ” ಎಂದು ಹೇಳಿದಾಗ, ಆತನು ಕಿರೀಟದಿಂದ ಗೆಜ್ಜೆಯವರೆಗೆ ಒಂದೂ ಕುಂದಿಲ್ಲದಂತೆ ಆ ವೇಷವನ್ನು ಕಟ್ಟಿಕೊಂಡು ಬಂದರೆ, ಅಲ್ಲಿ ಅಸತ್ಯವು ನಡೆಯಿತೆನ್ನಬಹುದೆ? ನಡೆದಿದ್ದರೆ ಆ ಅಸತ್ಯವು ಯಾರದು? ಇದು ತರ್ಕವಿನೋದಕ್ಕಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1984ರಲ್ಲಿ ಹುಟ್ಟಿ 2000ದವರೆಗೆ ಬಾಳಿದ ಒಂದು ಶಾಸನದ ಕೆಳಗೆ ಸಾವಿರಾರು ರಫ್ತು ಕಂಪೆನಿಗಳು ಇಂತಹ ವೇಷದಲ್ಲಿಯೇ ಇದ್ದವು.

ಆ ಶಾಸನಕ್ಕೆ ಒಂದು ಪೂರ್ವಕಥೆಯಿದೆ. 1971ರಲ್ಲಿ ಅಲ್ಲಿನ ಶಾಸನಸಭೆಯು ರಫ್ತನ್ನು ಹೆಚ್ಚಿಸಲೆಂದು ಒಂದು ಹೊಸ ಬಗೆಯ ಕಂಪೆನಿಗೆ ಅವಕಾಶ ಕೊಟ್ಟಿತು. ತಯಾರಕನು ಸ್ವದೇಶದಲ್ಲಿಯೇ ಒಂದು ಮರಿಕಂಪೆನಿಯನ್ನು ಸ್ಥಾಪಿಸಿ, ರಫ್ತಿನ ಲಾಭದಲ್ಲಿ ಒಂದು ಪಾಲನ್ನು ಅದರ ಹೆಸರಿಗೆ ಬರೆದರೆ, ಆ ಪಾಲಿನಲ್ಲಿ ಸ್ವಲ್ಪಕ್ಕೆ ತೆರಿಗೆಯನ್ನು ಮುಂದಕ್ಕೆ ಹಾಕಬಹುದಾಗಿತ್ತು. ಮರಿಕಂಪೆನಿಗೆ ಕಚೇರಿ ಬೇಕಿರಲಿಲ್ಲ, ನೌಕರರೂ ಬೇಕಿರಲಿಲ್ಲ. 2,500 ಡಾಲರು ಬಂಡವಾಳವಿದ್ದರೆ ಸಾಕಾಗಿತ್ತು. ಇದು ರಫ್ತಿಗೆ ಕೊಟ್ಟ ಸಹಾಯಧನವೇ ಹೊರತು ಬೇರೆಯಲ್ಲವೆಂದೂ, ರಾಷ್ಟ್ರಗಳ ವ್ಯಾಪಾರ ಒಪ್ಪಂದಕ್ಕೆ ವಿರುದ್ಧವೆಂದೂ ಯೂರೋಪಿನವರು ಆಕ್ಷೇಪಿಸಿದರು. 1976ರಲ್ಲಿ ವಿಚಾರಣಾ ಮಂಡಲಿಯು ಆ ಆಕ್ಷೇಪಣೆಯನ್ನು ಎತ್ತಿ ಹಿಡಿಯಿತು. 1981ರಲ್ಲಿ ತೀರ್ಪನ್ನು ಅಂಗೀಕರಿಸುವಾಗ ಸದಸ್ಯರಾಷ್ಟ್ರಗಳು ಒಂದು ಮಾತನ್ನು ಸೇರಿಸಿದವು: ತನ್ನ ಗಡಿಯ ಹೊರಗೆ ನಡೆದ ವ್ಯವಹಾರದ ಲಾಭಕ್ಕೆ ಯಾವ ದೇಶವೂ ತೆರಿಗೆ ಹಾಕಲೇಬೇಕೆಂಬ ನಿರ್ಬಂಧವಿಲ್ಲ.

ಈ ಮಾತಿನ ಸಂದಿನಲ್ಲಿ 1984ರ ಶಾಸನವು ನುಸುಳಿತು. ಹಳೆಯ ಮರಿಕಂಪೆನಿಗಳು ಮುಂದಕ್ಕೆ ಹಾಕಿದ್ದ ತೆರಿಗೆಯನ್ನು ಆಗ ಮನ್ನಾ ಮಾಡಲಾಯಿತೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಸಾಲವು ದಾನವಾಗುವುದಕ್ಕೆ ಹದಿಮೂರು ವರ್ಷ ಸಾಕಾಯಿತು. ಇನ್ನು ಮೇಲೆ ಮರಿಕಂಪೆನಿಯು ಗಡಿಯ ಹೊರಗೆ ಹುಟ್ಟಬೇಕು. ಅದಕ್ಕೆ ಅಲ್ಲೊಂದು ಕಚೇರಿಯಿರಬೇಕು; ಕಚೇರಿಯಲ್ಲಿ ಲೆಕ್ಕದ ಪುಸ್ತಕಗಳಿರಬೇಕು; ನಿರ್ದೇಶಕರಲ್ಲಿ ಒಬ್ಬನಾದರೂ ಅಮೆರಿಕಾದ ನಿವಾಸಿಯಾಗಿರಕೂಡದು; ಷೇರುದಾರರು ಇಪ್ಪತ್ತೈದಕ್ಕೆ ಮೀರಕೂಡದು; ಸಭೆಗಳು ಹೊರದೇಶದಲ್ಲಿ ನಡೆಯಬೇಕು; ಮುಖ್ಯವಾದ ಬ್ಯಾಂಕಿನ ಖಾತೆಯೂ ಅಲ್ಲಿಯೇ ಇರಬೇಕು. ಸಣ್ಣ ವ್ಯಾಪಾರಿಗಳಿಗೆ ಸಭೆಯ ತೊಂದರೆಯನ್ನೂ ತಪ್ಪಿಸಲಾಗಿತ್ತು. ಇಷ್ಟನ್ನು ನಡೆಸಿದವನಿಗೆ ರಫ್ತಿನ ಲಾಭದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹದಿನೈದರಷ್ಟು ಪಾಲು ತೆರಿಗೆಯಿಂದ ಪಾರಾಗುತ್ತಿತ್ತು.

ಸರಕನ್ನು ತಯಾರಿಸುವವರು ಹಿಂದಿನ ಊರಿನಲ್ಲಿಯೇ ತಯಾರಿಸಿದರು, ಮಾರುವವರು ಹಿಂದಿನ ಮೇಜಿನಲ್ಲಿಯೇ ಕುಳಿತು ಮಾರಿದರು. ಹೊಸದಾಗಿ ಹುಟ್ಟಿದುದೆಂದರೆ ವರ್ಜಿನ್ ದ್ವೀಪಗಳಲ್ಲಿಯೋ ಬಾರ್ಬಡೋಸಿನಲ್ಲಿಯೋ ಒಂದು ವಿಳಾಸ. ವರ್ಜಿನ್ ದ್ವೀಪಗಳಾದರೋ 1917ರಲ್ಲಿ ಅಮೆರಿಕಾವು ಡೆನ್ಮಾರ್ಕಿನಿಂದ ಕೊಂಡ ನೆಲ. ತನ್ನ ಬಾವುಟವೇ ಹಾರುವ ನೆಲವನ್ನು ಈ ಒಂದು ಕಾರ್ಯಕ್ಕಾಗಿ ಪರದೇಶವೆಂದು ಆ ಸರಕಾರವು ಭಾವಿಸಿಕೊಂಡಿತು.

ವರ್ತಕನ ಪಕ್ಷವು ದುರ್ಬಲವಾದುದಲ್ಲ. ಆತನು ಏನನ್ನೂ ಮುಚ್ಚಿಡಲಿಲ್ಲ. ಶಾಸನವು ಕೇಳಿದ ಪುಸ್ತಕವನ್ನು ಶಾಸನವು ಹೇಳಿದ ಕಪಾಟಿನಲ್ಲಿಟ್ಟನು. ಯೂರೋಪಿನ ಹಲವು ದೇಶಗಳು ತಮ್ಮವರು ಹೊರನಾಡಿನಲ್ಲಿ ಗಳಿಸಿದ ಲಾಭವನ್ನು ತೆರಿಗೆಗೆ ಸೇರಿಸುತ್ತಿರಲಿಲ್ಲವಾದುದರಿಂದ, ತಕ್ಕಡಿಯನ್ನು ಸಮಮಾಡಿದೆವೆಂದು ವಾಷಿಂಗ್ಟನ್ನಿನವರು ವಾದಿಸಿದರು. ಅದರಲ್ಲಿಯೂ ಹುರುಳಿಲ್ಲದೆ ಇಲ್ಲ. ಇಂಗ್ಲೆಂಡಿನ ಪ್ರಭುಸಭೆಯು 1935ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಡ್ಯೂಕನ ವ್ಯಾಜ್ಯದಲ್ಲಿ, ಶಾಸನದ ಎಲ್ಲೆಯೊಳಗೆ ತನ್ನ ವ್ಯವಹಾರವನ್ನು ತೆರಿಗೆ ಕಡಿಮೆಯಾಗುವಂತೆ ಜೋಡಿಸಿಕೊಳ್ಳುವುದು ಪ್ರತಿಯೊಬ್ಬನ ಹಕ್ಕೆಂದು ತೀರ್ಮಾನಿಸಿತ್ತು. ಡ್ಯೂಕನು ತೋಟಗಾರನ ಸಂಬಳವನ್ನು ಪತ್ರದ ಮೂಲಕ ವರ್ಷಾಶನದಂತೆ ಕೊಟ್ಟಿದ್ದನು.

ಅದೇ ವರ್ಷ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಬೇರೆ ದಾರಿ ಹಿಡಿದಿತ್ತು. ಗ್ರೆಗರಿ ಎಂಬ ಮಹಿಳೆಯ ತೆರಿಗೆಯನ್ನು ಇಳಿಸುವುದಕ್ಕಾಗಿ ಹುಟ್ಟಿದ ಒಂದು ಕಂಪೆನಿಯು ಆರೇ ದಿನ ಬದುಕಿ, ಬೇರೆ ಯಾವ ಕೆಲಸವನ್ನೂ ಮಾಡದೆ ಮುಕ್ತಾಯವಾಗಿತ್ತು. ಪತ್ರಗಳೆಲ್ಲ ಕ್ರಮವಾಗಿದ್ದವು. ಆದರೂ ಉದ್ಯೋಗವಿಲ್ಲದ ಆ ಕಂಪೆನಿಯನ್ನು ನ್ಯಾಯಾಲಯವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಬ್ಬ ಹೆಂಗಸು ತನ್ನ ಬುದ್ಧಿಯಿಂದ ಕಟ್ಟಿದರೆ ನಿಲ್ಲದ ಗೊಂಬೆಯನ್ನು ಐವತ್ತು ವರ್ಷದ ಮೇಲೆ ಆ ದೇಶದ ಶಾಸನಸಭೆಯೇ ಅಚ್ಚಿನಲ್ಲಿ ಎರೆಯತೊಡಗಿತೆಂಬುದು ವಿಚಿತ್ರವಾಗಿದೆ.

ಬಯಲಾಟದಲ್ಲಿ ರಾವಣನ ವೇಷ ಹಾಕಿದವನನ್ನು ಸುಳ್ಳುಗಾರನೆಂದು ಯಾರೂ ಕರೆಯುವುದಿಲ್ಲ. ನೋಡುವವರೆಲ್ಲ ಆತನು ಯಾರ ಮನೆಯವನೆಂದು ಬಲ್ಲರು. ಅಮೆರಿಕಾದ ವರ್ತಕನೂ ಹೀಗೆಯೇ ಹೇಳಬಹುದು. ದ್ವೀಪದ ಕಚೇರಿಯು ಎಂಥದೆಂದು ಬೊಕ್ಕಸದವರಿಗೆ ಗೊತ್ತು, ಶಾಸನಕರ್ತರಿಗೆ ಗೊತ್ತು. ವಂಚನೆಗೆ ಒಳಗಾದವನು ಇಲ್ಲದೆ ವಂಚನೆ ಹೇಗಾದೀತು? ಈ ವಾದದಲ್ಲಿ ಒಂದು ತಪ್ಪಿದೆ. ಆಟವನ್ನು ಊರಿನವರಿಗಾಗಿ ಆಡಿಸಿರಲಿಲ್ಲ. ಅದರ ಪ್ರೇಕ್ಷಕರು ಸಮುದ್ರದಾಚೆ ಇದ್ದರು. ಅವರೊಡನೆ ಮಾಡಿಕೊಂಡ ಒಪ್ಪಂದದ ಎದುರಿನಲ್ಲಿ, “ಈ ಲಾಭವು ನಮ್ಮ ಗಡಿಯ ಹೊರಗೆ ಹುಟ್ಟಿದುದು” ಎಂದು ಹೇಳಿಸುವುದಕ್ಕಾಗಿಯೇ ವೇಷ ಬೇಕಾಗಿತ್ತು. ಮಾತು ಸರಕಾರದ್ದು, ಬಾಯಿ ವರ್ತಕನದು. ಆದುದರಿಂದ ದೊಡ್ಡ ದೋಷವು ಆಡಿಸಿದವರ ಮೇಲೆ ನಿಲ್ಲುತ್ತದೆ. ಆದರೂ ಬಾಯಿಯನ್ನು ಬಾಡಿಗೆಗೆ ಕೊಟ್ಟವನು ಆ ಮಾತಿಗೂ ತನಗೂ ಸಂಬಂಧವಿಲ್ಲವೆನ್ನುವಂತಿಲ್ಲ. ಬಾಡಿಗೆಯು ವರ್ಷವರ್ಷವೂ ಆತನ ಪೆಟ್ಟಿಗೆಗೆ ಬಂದಿತು. ಬೊಕ್ಕಸದಲ್ಲಿ ಕಡಿಮೆಯಾದುದನ್ನು ತುಂಬಿಸುವವನು ದ್ವೀಪದಲ್ಲಿ ಮರಿಕಂಪೆನಿಯಿಲ್ಲದ ಅಂಗಡಿಯವನು ಅಥವಾ ದರ್ಜಿಯೆಂಬುದನ್ನೂ ಮರೆಯಲಾಗದು.

ರಫ್ತಿಗೆ ತೆರಿಗೆಯ ರಿಯಾಯಿತಿ ಎಂಬುದೇ ಅಧರ್ಮವೆಂದು ಇದರಿಂದ ಹೇಳಿದಂತಾಗಲಿಲ್ಲ. ಬಡದೇಶವಾಗಿದ್ದ ಐರ್ಲೆಂಡು 1956ರಲ್ಲಿ ರಫ್ತಿನ ಲಾಭಕ್ಕೆ ವಿನಾಯಿತಿ ಕೊಟ್ಟಿತು. ಜೆಟ್ ವಿಮಾನಗಳು ಬಂದು, ಎಣ್ಣೆಗಾಗಿ ಷಾನನ್ನಿನಲ್ಲಿ ಇಳಿಯುವವರು ಕಡಿಮೆಯಾಗುವ ಭಯ ಹುಟ್ಟಿದಾಗ, 1959ರಲ್ಲಿ ಆ ವಿಮಾನನಿಲ್ದಾಣದ ಬಳಿ ಕೈಗಾರಿಕೆಗಳಿಗಾಗಿ ಸುಂಕವಿಲ್ಲದ ವಲಯವನ್ನು ಬೆಳೆಸಲು ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಹೊರಗಿನ ಕಂಪೆನಿಗಳು ಅಲ್ಲಿಗೆ ಯಂತ್ರಗಳನ್ನು ತಂದವು; ಕೆಲಸಗಾರರಿಗಾಗಿ ಒಂದು ಹೊಸ ಊರೇ ಎದ್ದಿತು. ಬೆಂಗಳೂರಿನ ತಂತ್ರಾಂಶದ ಕಂಪೆನಿಗಳು 2011ರ ಮಾರ್ಚಿಯವರೆಗೆ ಪಡೆದ ವಿನಾಯಿತಿಯಲ್ಲಿಯೂ ಒಂದು ಕಟ್ಟುಪಾಡಿತ್ತು. ಹಳೆಯ ಉದ್ಯಮವನ್ನೇ ಒಡೆದು ಹೊಸ ಹೆಸರಿಟ್ಟುದಾಗಿರಕೂಡದು. ಆ ನಿಯಮವನ್ನು ಬರೆದವರಿಗೆ ವೇಷದ ಭಯವಿತ್ತೆಂಬುದು ಸ್ಪಷ್ಟ. ಇಂತಹ ರಿಯಾಯಿತಿಗಳು ಎಷ್ಟು, ಎಷ್ಟು ಕಾಲ ಎಂದು ಜಗಳವಾಡಬಹುದು. ಅಲ್ಲಿ ಸರಕಾರವು ಕೇಳಿದುದು ಕೆಲಸವನ್ನು. ದ್ವೀಪದಲ್ಲಿ ಕೇಳಿದುದು ಕೆಲಸದ ಕುರುಹನ್ನು.

ಆಚೆಯ ಪ್ರೇಕ್ಷಕರು ಕೊನೆಗೆ ಎದ್ದು ನಿಂತರು. ಯೂರೋಪಿನ ಒಕ್ಕೂಟವು 1997ರಲ್ಲಿ ದೂರನ್ನು ಆರಂಭಿಸಿತು. 2000ದ ಫೆಬ್ರವರಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಲಿಯು ಇದು ನಿಷಿದ್ಧವಾದ ಸಹಾಯಧನವೆಂದು ತೀರ್ಪಿತ್ತಿತು. ಅದೇ ವರ್ಷ ಹೊಸ ಶಾಸನವೊಂದು ಹಳೆಯ ರಿಯಾಯಿತಿಯನ್ನೇ ಬೇರೆ ಹೆಸರಿನಿಂದ ತಂದಾಗ, ಅದೂ ಉಳಿಯಲಿಲ್ಲ. ವರ್ಷಕ್ಕೆ ಸುಮಾರು 400 ಕೋಟಿ ಡಾಲರುಗಳವರೆಗೆ ಪ್ರತಿಸುಂಕ ಹಾಕಲು 2002ರಲ್ಲಿ ಯೂರೋಪಿನವರಿಗೆ ಅನುಮತಿ ದೊರೆಯಿತು. 2004ರ ಮಾರ್ಚಿಯಲ್ಲಿ ನೂರಕ್ಕೆ ಐದರಂತೆ ಆರಂಭಿಸಿ ತಿಂಗಳಿಗೆ ಒಂದೊಂದಾಗಿ ಅವರು ಸುಂಕವನ್ನು ಏರಿಸುತ್ತ ಹೋದರು. ಅಕ್ಟೋಬರಿನಲ್ಲಿ ಅಮೆರಿಕಾವು ಶಾಸನವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಸುಂಕದ ಪೆಟ್ಟು ತಗುಲಿದ ಸರಕುಗಳನ್ನು ತಯಾರಿಸಿದವರೆಲ್ಲರೂ ರಿಯಾಯಿತಿಯನ್ನು ಉಂಡವರಾಗಿರಬೇಕೆಂಬ ನಿಯಮವೇನೂ ಇರಲಿಲ್ಲ.

2000ದ ಸೆಪ್ಟೆಂಬರ್ 30ರ ಮೇಲೆ ಹೊಸದಾಗಿ ಯಾವ ಕಂಪೆನಿಯೂ ಈ ವೇಷವನ್ನು ಪಡೆಯುವಂತಿರಲಿಲ್ಲ. ಪುಸ್ತಕಗಳನ್ನು ಕಾಯುತ್ತ, ಸಭೆಯ ನಡವಳಿಯನ್ನು ಬರೆಯುತ್ತ, ಅದಕ್ಕೆ ತಕ್ಕ ಶುಲ್ಕವನ್ನು ಪಡೆಯುತ್ತಿದ್ದ ದ್ವೀಪದ ವಕೀಲರಿಗೂ ಲೆಕ್ಕಿಗರಿಗೂ ಆ ವರಮಾನವು ಕ್ರಮೇಣ ನಿಂತುಹೋಯಿತು. ಆ ಇಡೀ ಏರ್ಪಾಟಿನಲ್ಲಿ ತಾವು ಮಾಡಿದ ಕೆಲಸಕ್ಕೆ ಮಾತ್ರ ಕೂಲಿ ತೆಗೆದುಕೊಂಡವರು ಬಹುಶಃ ಅವರೇ.