ಸುಣ್ಣದ ಲೆಕ್ಕ

ಊರುಗಳಿಗೆ ದೇವರ ಹೆಸರಿರುತ್ತದೆ, ದೊರೆಯ ಹೆಸರಿರುತ್ತದೆ. ಚೆನ್ನೈನ ಕ್ರೋಂಪೇಟೆಗಿರುವುದು ಕ್ರೋಮ್ ಲೆದರ್ ಕಂಪನಿಯ ಹೆಸರು. ತೊಗಲು ಕ್ರೋಮಿನ ಹದಕ್ಕೆ ಬರುವ ಮುನ್ನ ಸುಣ್ಣದ ನೀರಿನಲ್ಲಿ ನೆನೆದು ಕೂದಲು ಕಳೆದುಕೊಳ್ಳಬೇಕು. ಆ ಸುಣ್ಣ ಎಲ್ಲಿಂದ ಬಂತೆಂದು ಕೇಳುವವರಿಲ್ಲ.

*

ಸುಣ್ಣದಕಲ್ಲಿನ ಬಹುಪಾಲು ಒಂದು ಕಾಲದಲ್ಲಿ ಕಡಲಜೀವಿಗಳ ಮೈಗವಚ. ಮರೀನಾದಲ್ಲಿ ಮಕ್ಕಳು ಹೆಕ್ಕುವ ಕಪ್ಪೆಚಿಪ್ಪು ಅದರಲ್ಲಿ ಸಣ್ಣ ಪಾಲು. ಇಂದಿನ ಕಡಲಿನ ದೊಡ್ಡ ಸುಣ್ಣಗಾರರು ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಸುಲಭವಾಗಿ ಬೀಳದ ಪ್ಲ್ಯಾಂಕ್ಟನ್‌ಗಳು: ಫೊರಾಮಿನಿಫೆರಾ, ಕೊಕ್ಕೊಲಿಥೊಫೋರ್.

*

ಇವುಗಳ ನಡುವೆ ಟೆರೋಪಾಡ್ ಎಂಬ ಪುಟ್ಟ ಬಸವನಹುಳುವಿದೆ. ಪಾದವಿರಬೇಕಾದ ಜಾಗದಲ್ಲಿ ಎರಡು ರೆಕ್ಕೆ. ಅವನ್ನು ಬಡಿಯುತ್ತ ನೀರಿನಲ್ಲಿ ಹಾರುತ್ತದೆ. ಚಿಪ್ಪು ಕೆಲವೇ ಮಿಲಿಮೀಟರ್, ಒಳಗಿನ ಜೀವ ಕಾಣುವಷ್ಟು ತಿಳಿ. ಅದು ಅರಾಗೊನೈಟಿನದು, ಎಂದರೆ ಬೇಗ ಕರಗುವ ಬಗೆಯ ಸುಣ್ಣ. ಈ ಶತಮಾನದ ಕೊನೆಗೆ ದಕ್ಷಿಣ ಸಾಗರ ಹೇಗಿರಬಹುದೋ ಅಂಥ ನೀರಿನಲ್ಲಿ ವಿಜ್ಞಾನಿಗಳು ಜೀವಂತ ಟೆರೋಪಾಡ್‌ಗಳನ್ನು ಇಟ್ಟು ನೋಡಿದರು. ವರದಿ 2005ರಲ್ಲಿ ಬಂತು. ಎರಡೇ ದಿನದಲ್ಲಿ ಚಿಪ್ಪಿನ ಬೆಳೆಯುವ ಅಂಚು ಕರಗತೊಡಗಿತ್ತು. ಹುಳು ಇನ್ನೂ ಬದುಕಿತ್ತು.

*

ಇಂಗಾಲದ ಡೈಆಕ್ಸೈಡ್ ಕರಗಿ ಕಡಲಿಗಾಗುವ ಈ ಬದಲಾವಣೆಗೆ ಆಮ್ಲೀಕರಣ ಎಂದು ಹೆಸರು. ಹಾಗೆಂದೊಡನೆ ಸಮುದ್ರ ಹುಳಿಯಾಯಿತೆಂದು ತಿಳಿಯಬೇಡಿ. ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ; ನೀರು ಇನ್ನೂ ಕ್ಷಾರವೇ. ಆದರೆ ಈ ಅಳತೆಯಲ್ಲಿ 0.1 ಇಳಿಯಿತೆಂದರೆ ಹೈಡ್ರೋಜನ್ ಅಯಾನುಗಳು ನೂರಕ್ಕೆ ಸುಮಾರು 26ರಷ್ಟು ಹೆಚ್ಚಿದಂತೆ. ಅವು ಮೊದಲು ಕೈಹಾಕುವುದು ಕಾರ್ಬೊನೇಟಿಗೆ. ಕಡಲಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ, ಬರ ಬಂದಿರುವುದು ಅದರೊಡನೆ ಸೇರಿ ಚಿಪ್ಪಾಗುವ ಕಾರ್ಬೊನೇಟಿಗೆ.

*

ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗ ಸಮುದ್ರಕ್ಕೆ ಸೇರುತ್ತದೆ. ಬಿಸಿ ತಗ್ಗಿತು ಎಂದು ನೆಲದವರು ಕಡಲನ್ನು ಹೊಗಳುತ್ತಾರೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುತ್ತೇವಲ್ಲ, ಟೆರೋಪಾಡಿನ ಪಾಲಿಗೆ ಆ ಸುಣ್ಣವೂ ಇಲ್ಲ.

*

ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ನೀರಿನಲ್ಲಿ, 2000ದ ಪ್ರಯೋಗವೊಂದರಲ್ಲಿ, ಕೊಕ್ಕೊಲಿಥೊಫೋರ್‌ನ ಒಂದು ಜಾತಿ ಕಡಿಮೆ ಸುಣ್ಣ ಕಟ್ಟಿತು. 2008ರ ಇನ್ನೊಂದರಲ್ಲಿ ಅದೇ ಜಾತಿ ಹೆಚ್ಚು ಕಟ್ಟಿತು. ಇಷ್ಟನ್ನೇ ಹಿಡಿದು ‘ಏನೂ ಆಗುವುದಿಲ್ಲ’ ಎನ್ನುವವರಿದ್ದಾರೆ. ಸಾಕ್ಷಿಗಳಲ್ಲಿ ಭಿನ್ನಾಭಿಪ್ರಾಯ ಬಂದ ಮಾತ್ರಕ್ಕೆ ಆರೋಪಿ ಬಿಡುಗಡೆಯಾಗುವುದಿಲ್ಲ. ದಕ್ಷಿಣ ಸಾಗರದ ಫೊರಾಮಿನಿಫೆರಾ ಚಿಪ್ಪುಗಳು ತಳದ ಕೆಸರಿನಲ್ಲಿರುವ ಹಳೆಯ ಚಿಪ್ಪುಗಳಿಗಿಂತ ನೂರಕ್ಕೆ 30ರಿಂದ 35ರಷ್ಟು ಹಗುರ ಎಂದು 2009ರಲ್ಲಿ ತೂಗಿ ತೋರಿಸಿದ್ದಾರೆ.

*

ಟ್ಯಾನರಿಯ ನೀರು ನಾರುತ್ತದೆ, ಬಣ್ಣ ಬಿಡುತ್ತದೆ. ಹಾಗಾಗಿ ತಮಿಳುನಾಡಿನ ಟ್ಯಾನರಿಗಳ ಮೇಲೆ ವೆಲ್ಲೂರಿನ ನಾಗರಿಕರು ಸುಪ್ರೀಂ ಕೋರ್ಟಿಗೆ ಹೋದರು. ಕೆಡಿಸಿದವರೇ ದಂಡ ತೆರಬೇಕು ಎಂಬುದು ಈ ನೆಲದ ಕಾನೂನು ಎಂದು 1996ರಲ್ಲಿ ತೀರ್ಪಾಯಿತು. ಕ್ರೋಂಪೇಟೆಯ ಜಿಎಸ್‌ಟಿ ರಸ್ತೆಯ ಸಿಗ್ನಲ್ಲಿನಲ್ಲಿ ವಾಹನಗಳ ಹೊಗೆಗೆ ಮೂಗು ಮುಚ್ಚುತ್ತೇವೆ, ಸರಿ. ಆದರೆ ಆ ಹೊಗೆಯೊಳಗಿನ ಇಂಗಾಲದ ಡೈಆಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಹಾಗಾಗಿ ಫಿರ್ಯಾದಿಯೂ ಇಲ್ಲ.

*

ಬಂಗಾಳ ಕೊಲ್ಲಿಯಲ್ಲಿ ಲೆಕ್ಕ ಇನ್ನೂ ತೊಡಕು. ಗಂಗೆ, ಬ್ರಹ್ಮಪುತ್ರೆಯರ ಸಿಹಿನೀರು ಬಂದು ಬೆರೆಯುತ್ತದೆ. ಅಲ್ಲಿ 15 ಡಿಗ್ರಿ ಉತ್ತರ, 90 ಡಿಗ್ರಿ ಪೂರ್ವದಲ್ಲಿ, ಆಮ್ಲೀಕರಣ ಅಳೆಯಲೆಂದೇ ಲಂಗರು ಹಾಕಿದ ತೇಲುಯಂತ್ರವೊಂದನ್ನು 2013ರ ನವೆಂಬರಿನಲ್ಲಿ ಇಳಿಸಲಾಯಿತು. ಬಾಯಿಲ್ಲದ ಹುಳುವಿನ ಪರ ಸಾಕ್ಷಿ ನುಡಿಯುವುದು ಸದ್ಯಕ್ಕೆ ಇಂಥ ಅಳತೆಗಳೇ. ಒಂದು ವರ್ಷವೂ ತಪ್ಪದಂತೆ ಅವಕ್ಕೆ ಹಣ ಕೊಡಿ ಎಂದು ಸರ್ಕಾರಗಳನ್ನು ಕೇಳಬೇಕಾದವರು ನಾವು.