ಸೇತುವೆ ದಾಟುವವರು

ಊರು ಬಿಟ್ಟವರಿಗೆ ಊರಿನ ವಿಷಯದಲ್ಲಿ ಎಷ್ಟು ಹಕ್ಕು ಉಳಿದಿರುತ್ತದೆ? ಪುಣೆಗೆ ಬಂದು ಹದಿನಾಲ್ಕು ವರ್ಷವಾದ ಮೇಲೆ ಈ ಪ್ರಶ್ನೆ ನನ್ನನ್ನು ಹಿಡಿದು ಕೂರಿಸಿದ್ದು, ನಾನೆಂದೂ ನೋಡದ ಐರ್ಲೆಂಡಿನ ಒಂದು ಹಳ್ಳಿ.

ಕಾರ್ಲೋ ಕೌಂಟಿಯಲ್ಲಿ, ಬ್ಯಾರೋ ನದಿಯ ಎರಡೂ ದಡಕ್ಕೆ ಹರಡಿಕೊಂಡಿರುವ ಆ ಹಳ್ಳಿ ಲಾಕ್ಲಿನ್‌ಬ್ರಿಜ್. ಹೆಸರಿನಲ್ಲೇ ಸೇತುವೆ ಇದೆ. 1320ರ ಸುಮಾರಿಗೆ ಅಲ್ಲಿ ಕಲ್ಲಿನ ಸೇತುವೆ ಕಟ್ಟಿದರು. ನದಿ ದಾಟುವ ಜಾಗ ಯಾರ ಕೈಯಲ್ಲಿದೆಯೋ ಸೀಮೆ ಅವರದು. ಹಾಗಾಗಿಯೇ ದಡದಲ್ಲಿ ನಾರ್ಮನ್ನರ ಕೋಟೆ ಎದ್ದಿತು. ಅದರ ಪಾಳು ಗೋಪುರ ಇನ್ನೂ ನಿಂತಿದೆ.

ಈ ಪುಟ್ಟ ಊರು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರುಗಳೆಲ್ಲ ಊರು ಬಿಟ್ಟವರದೇ. 1820ರಲ್ಲಿ ಹುಟ್ಟಿದ ಜಾನ್ ಟಿಂಡಾಲ್ ಲಂಡನ್ನಿಗೆ ಹೋಗಿ ವಿಜ್ಞಾನಿಯಾದ. ನೀರಾವಿ, ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು ಶಾಖವನ್ನು ಹಿಡಿದಿಡುತ್ತವೆಂದು 1859ರಿಂದ ಪ್ರಯೋಗ ಮಾಡಿ ಅಳೆದು ತೋರಿಸಿದ. 1830ರಲ್ಲಿ ಹುಟ್ಟಿದ ಪ್ಯಾಟ್ರಿಕ್ ಮೊರಾನ್ ಹುಡುಗನಾಗಿದ್ದಾಗಲೇ ರೋಮಿಗೆ ಹೋದ, ಮುಂದೆ ಸಿಡ್ನಿಯ ಆರ್ಚ್‌ಬಿಷಪ್ ಆದ, 1885ರಲ್ಲಿ ಕಾರ್ಡಿನಲ್ ಆದ. ಮೈಲ್ಸ್ ಕಿಯೋ ಅಮೆರಿಕದ ಸೈನ್ಯ ಸೇರಿದ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಲಕೋಟಾ, ಶಾಯೆನ್ ಜನರ ಎದುರು ಹೋರಾಡಿ ಸತ್ತ. ಪರರು ಆಳುತ್ತಿದ್ದ ನಾಡಿನಲ್ಲಿ ಹುಟ್ಟಿದವನು ಇನ್ನೊಬ್ಬರ ನೆಲ ಕಸಿಯುವ ಸೈನ್ಯದಲ್ಲಿದ್ದ. ವಲಸೆ ಹೋದವರೆಲ್ಲ ಪಾಪದವರು ಎಂದು ನಂಬಿರುವ ನಮಗೆ ಇದು ಸ್ವಲ್ಪ ಕಹಿ.

ನನ್ನನ್ನು ಹೆಚ್ಚು ಕಾಡಿದ್ದು ಮೊದಲಿಬ್ಬರು. ಐರ್ಲೆಂಡಿಗೆ ಸ್ವಂತ ಆಡಳಿತ ಬೇಕೇ ಎಂಬ ಪ್ರಶ್ನೆ ಎದ್ದಾಗ ಟಿಂಡಾಲ್ ಕೂಡದೆಂದು ಗುಡುಗಿದ. ಮೊರಾನ್ ಸಿಡ್ನಿಯಿಂದ ಬೆಂಬಲಿಸಿದ. ಒಂದೇ ಊರಿನವರು, ಇಬ್ಬರೂ ದೂರದಿಂದ. ಯಾವ ತೀರ್ಮಾನವಾದರೂ ಅದರೊಡನೆ ಬಾಳಬೇಕಾದವರು ಮಾತ್ರ ದಿನಾ ಆ ಸೇತುವೆ ದಾಟುವವರು. 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ದೇಶದ ಸುಮಾರು ಹತ್ತು ಲಕ್ಷ ಜನ ಸತ್ತು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದ ಮೇಲೂ ಅಲ್ಲೇ ಉಳಿದವರು. ಅವರ ಹೆಸರು ನಮಗೆ ಯಾರೂ ಹೇಳುವುದಿಲ್ಲ.

ಹೋದ ವರ್ಷ ನಮ್ಮೂರಿನ ಹಳೆಯ ಕಿರುಸೇತುವೆ ಒಡೆದು ಹೊಸದು ಕಟ್ಟುವ ಮಾತು ಬಂತು. ಊರಿನ ವಾಟ್ಸಾಪ್ ಗುಂಪಿನಲ್ಲಿ ನಾನು ಪರಂಪರೆ, ನೆನಪು ಎಂದೆಲ್ಲ ಉದ್ದಕ್ಕೆ ಬರೆದೆ. ರಾತ್ರಿ ಚಿಕ್ಕಪ್ಪ ಫೋನ್ ಮಾಡಿದರು: "ನೀ ಹೇಳೋದು ಸರಿ ಇರಬಹುದು ಮಾರಾಯ. ಆದ್ರೆ ಮಳೆಗಾಲದಲ್ಲಿ ಅದನ್ನ ದಾಟೋರು ನಾವು."

ಊರು ಬಿಟ್ಟದ್ದು ತಪ್ಪೆಂದು ಈಗಲೂ ನನಗನ್ನಿಸುವುದಿಲ್ಲ. ಟಿಂಡಾಲ್ ಹಳ್ಳಿಯಲ್ಲೇ ಉಳಿದಿದ್ದರೆ ಆ ಪ್ರಯೋಗಗಳನ್ನು ಮಾಡುವುದಾಗುತ್ತಿರಲಿಲ್ಲ. ದೂರ ಹೋದವನಿಗೆ ಕಾಣುವುದು ಇದ್ದವನಿಗೆ ಕಾಣದೆ ಹೋಗಬಹುದು, ಅದನ್ನು ಹೇಳಲೂಬೇಕು. ಆದರೆ ಹೇಳುವುದು ಬೇರೆ, ತೀರ್ಮಾನಿಸುವುದು ಬೇರೆ. ನಾವು ಇಲ್ಲಿ ಕೂತು ಊರನ್ನು ನೆನೆಯುತ್ತೇವೆ. ಅವರು ಅಲ್ಲಿ ಮಳೆಯಲ್ಲಿ ನೆನೆಯುತ್ತಾರೆ.

ಹೊಸ ಸೇತುವೆಯ ಕೆಲಸ ಶುರುವಾಗಿದೆಯಂತೆ. ಹಳೆಯದರ ಒಂದು ಫೋಟೋ ತೆಗೆದಿಡಿ ಎಂದಷ್ಟೇ ಚಿಕ್ಕಪ್ಪನಿಗೆ ಹೇಳಿದೆ.